ದಕ್ಷಿಣ ಆಫ್ರಿಕಾದಲ್ಲಿ ಮೆಟ್ರಿಕ್ ಆದಮೇಲೆ: ಯೂನಿವರ್ಸಿಟಿಯೋ, ಟಿವೆಟ್ ಕಾಲೇಜೋ?

ಜೊಹಾನೆಸ್‌ಬರ್ಗ್, ಪ್ರಿಟೋರಿಯಾ ಕಡೆ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಹನ್ನೊಂದನೇ ಗ್ರೇಡಿಗೆ, ಅಂದರೆ ಇಲ್ಲಿ ಮೆಟ್ರಿಕ್ ಎನ್ನುವ ಹನ್ನೆರಡನೇ ಗ್ರೇಡಿನ ಹಿಂದಿನ ವರ್ಷಕ್ಕೆ, ಬಂದಕೂಡಲೇ ಊರಿನ ಲೆಕ್ಕ ಶುರುವಾಗುತ್ತದೆ. ಯೂನಿವರ್ಸಿಟಿ ಎಂದರೆ ನಮ್ಮ ಇಂಜಿನಿಯರಿಂಗ್ ಕಾಲೇಜು, ಯೂನಿವರ್ಸಿಟಿ ಆಫ್ ಟೆಕ್ನಾಲಜಿ ಎಂದರೆ ಪಾಲಿಟೆಕ್ನಿಕ್, ಟಿವೆಟ್ ಎಂಬ ತಾಂತ್ರಿಕ, ವೃತ್ತಿ ತರಬೇತಿಯ ಕಾಲೇಜು ಎಂದರೆ ಐಟಿಐ. ಈ ಲೆಕ್ಕ ಅರ್ಧ ಸರಿ, ಇನ್ನರ್ಧ ದಾರಿ ತಪ್ಪಿಸುತ್ತದೆ. ಊರಿನಲ್ಲಿ ಎಲ್ಲ ವಿಷಯ ಪಾಸಾದರೆ ಸರ್ಟಿಫಿಕೇಟು ಕೈಗೆ ಬಂದಂತೆಯೇ. ಇಲ್ಲಿ ಹಲವು ಕೋರ್ಸುಗಳಲ್ಲಿ ಪರೀಕ್ಷೆ ಮುಗಿದ ಮೇಲೂ ಯಾವುದಾದರೂ ಕಂಪನಿಯಲ್ಲಿ ಇಂತಿಷ್ಟು ತಿಂಗಳು ಕೆಲಸ ಮಾಡಿ ತೋರಿಸಿದರಷ್ಟೇ ಡಿಪ್ಲೊಮಾ, ಆ ಕಂಪನಿ ಹುಡುಕುವ ಹೊಣೆ ಬಹಳ ಸಲ ವಿದ್ಯಾರ್ಥಿಯ ತಲೆಯ ಮೇಲೇ ಬೀಳುತ್ತದೆ. ಆದ್ದರಿಂದ ಸೀಟು ಎಲ್ಲಿ ಸಿಗುತ್ತದೆ ಎಂದು ಕೇಳುವ ಮೊದಲು, ಹಿಡಿದ ಕೋರ್ಸನ್ನು ಪೂರ್ತಿ ಮುಗಿಸುವ ದಾರಿ ಇದೆಯೇ ಎಂದು ಕೇಳಬೇಕು. ಕೆಳಗಿನ ಹೋಲಿಕೆಯೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಯಾವ ಬಾಗಿಲು ಎಲ್ಲಿದೆ

ಸರ್ಕಾರಿ ಯೂನಿವರ್ಸಿಟಿಗಳು 26. ಅವು ಮೂರು ಬಗೆ. ಕೇಪ್‌ಟೌನ್, ವಿಟ್ಸ್, ಪ್ರಿಟೋರಿಯಾ, ಸ್ಟೆಲೆನ್‌ಬಾಶ್, ಕ್ವಾಜುಲು-ನಟಾಲ್‌ನಂಥವು ಸಾಂಪ್ರದಾಯಿಕ ಯೂನಿವರ್ಸಿಟಿಗಳು: ಓದು ಹೆಚ್ಚು, ಕೈಕೆಲಸ ಕಡಿಮೆ, ಪದವಿಯೇ ಗುರಿ. ಟ್ಶ್ವಾನೆ, ಡರ್ಬನ್, ಕೇಪ್ ಪೆನಿನ್ಸುಲಾ, ವಾಲ್, ಸೆಂಟ್ರಲ್, ಮಂಗೊಸುಥು ಈ ಆರು ಯೂನಿವರ್ಸಿಟಿ ಆಫ್ ಟೆಕ್ನಾಲಜಿಗಳು. ಹಿಂದೆ ಇವೇ ಟೆಕ್ನಿಕಾನ್‌ಗಳಾಗಿದ್ದವು, ಮೂರು ವರ್ಷದ ಡಿಪ್ಲೊಮಾ ಇವುಗಳ ಬೆನ್ನೆಲುಬು. ಮೂರನೆಯವು ಇವೆರಡರ ಮಿಶ್ರಣ. ಜೊಹಾನೆಸ್‌ಬರ್ಗ್ ಯೂನಿವರ್ಸಿಟಿ, ನೆಲ್ಸನ್ ಮಂಡೇಲಾ ಯೂನಿವರ್ಸಿಟಿ, ದೂರಶಿಕ್ಷಣದ ಯೂನಿಸಾ ಈ ಗುಂಪಿಗೆ ಸೇರಿದವು.

ಹೆಸರುಗಳು ಗೊಂದಲ ಹುಟ್ಟಿಸುವುದಕ್ಕೆ ಕಾರಣ 2002ರಿಂದ 2005ರವರೆಗೆ ನಡೆದ ವಿಲೀನಗಳು. ಡರ್ಬನ್‌ನ ಭಾರತೀಯ ಸಮುದಾಯ ಹಣ ಕೂಡಿಸಿ ಕಟ್ಟಿದ ಎಂ. ಎಲ್. ಸುಲ್ತಾನ್ ಟೆಕ್ನಿಕಾನ್ 2002ರಲ್ಲಿ ಟೆಕ್ನಿಕಾನ್ ನಟಾಲ್ ಜೊತೆ ಸೇರಿ ಇಂದಿನ ಡಿಯುಟಿ (ಡರ್ಬನ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿ) ಆಯಿತು. ವರ್ಣಭೇದದ ಕಾಲದಲ್ಲಿ ಭಾರತೀಯರಿಗೆಂದೇ ಮೀಸಲಾಗಿದ್ದ ಡರ್ಬನ್-ವೆಸ್ಟ್‌ವಿಲ್ ಯೂನಿವರ್ಸಿಟಿ 2004ರಲ್ಲಿ ನಟಾಲ್ ಯೂನಿವರ್ಸಿಟಿಯೊಂದಿಗೆ ಕೂಡಿ ಯುಕೆಜೆಡ್‌ಎನ್ (ಕ್ವಾಜುಲು-ನಟಾಲ್ ಯೂನಿವರ್ಸಿಟಿ) ಆಯಿತು. ಹಳೆಯ ತಲೆಮಾರಿನವರು ಈಗಲೂ 'ಎಂ. ಎಲ್. ಸುಲ್ತಾನ್‌ನಲ್ಲಿ ಓದಿದೆ' ಎನ್ನುವುದನ್ನು ಡರ್ಬನ್‌ನಲ್ಲಿ ಕೇಳಬಹುದು.

ಸರ್ಕಾರಿ ಟಿವೆಟ್ ಕಾಲೇಜುಗಳು 50. ಹಿಂದೆ 152 ಇದ್ದ ತಾಂತ್ರಿಕ ಕಾಲೇಜುಗಳನ್ನು ಕೂಡಿಸಿ ಮಾಡಿದ್ದರಿಂದ ಒಂದೊಂದು ಕಾಲೇಜಿಗೂ ಹಲವು ಕ್ಯಾಂಪಸ್‌ಗಳಿವೆ. ಸೊವೆಟೊ ಕಡೆ ಸೌತ್ ವೆಸ್ಟ್ ಗೌಟೆಂಗ್, ಪ್ರಿಟೋರಿಯಾದಲ್ಲಿ ಟ್ಶ್ವಾನೆ ನಾರ್ತ್ ಮತ್ತು ಸೌತ್, ಕೇಪ್‌ಟೌನ್‌ನಲ್ಲಿ ನಾರ್ತ್‌ಲಿಂಕ್ ಮತ್ತು ಫಾಲ್ಸ್ ಬೇ, ಡರ್ಬನ್‌ನಲ್ಲಿ ತೆಕ್ವಿನಿ. ಕಾಲೇಜಿನ ಹೆಸರು ನೋಡಿ ತೀರ್ಮಾನಿಸಬೇಡಿ. ವೆಲ್ಡಿಂಗ್ ಶೆಡ್ಡು ಒಂದು ಕ್ಯಾಂಪಸ್ಸಿನಲ್ಲಿ, ಅಕೌಂಟ್ಸ್ ಕ್ಲಾಸು ಹದಿನೈದು ಕಿಲೋಮೀಟರ್ ಆಚೆಯ ಇನ್ನೊಂದರಲ್ಲಿ ಇರಬಹುದು.

ಎಲ್ಲ ತೀರ್ಮಾನಿಸುವುದು ಹತ್ತನೇ ಗ್ರೇಡಿನ ಗಣಿತ

ಹತ್ತನೇ ಗ್ರೇಡಿಗೆ ಹೋಗುವಾಗ ಮಗು ಮ್ಯಾಥಮ್ಯಾಟಿಕ್ಸ್ ತೆಗೆದುಕೊಳ್ಳಬಹುದು, ಇಲ್ಲವೇ ಮ್ಯಾಥಮ್ಯಾಟಿಕಲ್ ಲಿಟರಸಿ. ಎರಡನೆಯದು ದಿನಬಳಕೆಯ ಲೆಕ್ಕ. ಅದರಲ್ಲಿ 85 ತೆಗೆದರೂ ಇಂಜಿನಿಯರಿಂಗ್, ವಿಜ್ಞಾನ, ವೈದ್ಯಕೀಯ, ಸಿಎ ದಾರಿಯ ಬಿಕಾಂ ಇವಕ್ಕೆ ಅರ್ಜಿ ಹಾಕಲೂ ಬರುವುದಿಲ್ಲ. ಶುದ್ಧ ಗಣಿತದಲ್ಲಿ 55 ತೆಗೆದ ಹುಡುಗನಿಗೆ ತೆರೆದಿರುವ ಬಾಗಿಲು ಲಿಟರಸಿಯಲ್ಲಿ 90 ತೆಗೆದವಳಿಗೆ ತೆರೆದಿರುವುದಿಲ್ಲ. 'ಅಂಕ ಚೆನ್ನಾಗಿ ಬರಲಿ' ಎಂದು ಶಾಲೆಯವರು ಹನ್ನೊಂದನೇ ಗ್ರೇಡಿನ ನಡುವೆ ಮಗುವನ್ನು ಲಿಟರಸಿಗೆ ಇಳಿಸುವುದುಂಟು. ಶಾಲೆಯ ಪಾಸಿನ ಪ್ರಮಾಣಕ್ಕೆ ಅದು ಒಳ್ಳೆಯದು, ಮಗುವಿಗೆ ಒಳ್ಳೆಯದೇ ಎಂಬುದನ್ನು ಮನೆಯವರು ಕೂತು ಯೋಚಿಸಿ ಸಹಿ ಹಾಕಬೇಕು.

ಹನ್ನೆರಡನೇ ಗ್ರೇಡಿನ ಎನ್‌ಎಸ್‌ಸಿ ಎಂಬ ಮೆಟ್ರಿಕ್ ಪರೀಕ್ಷೆಯ ಫಲಿತಾಂಶದಲ್ಲಿ ಮೂರು ದರ್ಜೆಯ ಪಾಸುಗಳಿವೆ. ಬ್ಯಾಚುಲರ್ ಪಾಸಿಗೆ ಮನೆಭಾಷೆಯಾಗಿ ಓದಿದ ಭಾಷೆಯಲ್ಲಿ ಶೇ. 40, ಬೇರೆ ನಾಲ್ಕು ವಿಷಯಗಳಲ್ಲಿ ಶೇ. 50 ಬೇಕು. ಡಿಪ್ಲೊಮಾ ಪಾಸಿಗೆ ಆ ಭಾಷೆಯೂ ಸೇರಿ ನಾಲ್ಕರಲ್ಲಿ ಶೇ. 40. ಅದಕ್ಕೂ ಕೆಳಗಿನದು ಹೈಯರ್ ಸರ್ಟಿಫಿಕೇಟ್ ಪಾಸು. ಇವೆಲ್ಲ ಗೇಟು ದಾಟಲು ಬೇಕಾದ ಕನಿಷ್ಠ ಅಷ್ಟೇ. ಒಳಗೆ ಜಾಗ ಕೊಡುವುದು ಎಪಿಎಸ್ ಅಂಕ.

ಎಪಿಎಸ್ ಎಂದರೆ ಆರು ವಿಷಯಗಳ ದರ್ಜೆಗಳ ಮೊತ್ತ. ಶೇ. 80ಕ್ಕೆ ಮೇಲ್ಪಟ್ಟು 7, 70ರಿಂದ 79ರವರೆಗೆ 6, 60ರಿಂದ 69ಕ್ಕೆ 5, ಹೀಗೆ ಇಳಿಯುತ್ತದೆ. ಲೈಫ್ ಓರಿಯೆಂಟೇಶನ್ ಎಂಬ ಜೀವನ ಕೌಶಲದ ವಿಷಯವನ್ನು ಬಹುತೇಕ ಯೂನಿವರ್ಸಿಟಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗರಿಷ್ಠ 42. ಇಲ್ಲೊಂದು ಸೂಕ್ಷ್ಮವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಒಬ್ಬಳಿಗೆ ಗಣಿತ 69, ಭೌತವಿಜ್ಞಾನ 69, ಇಂಗ್ಲಿಷ್ 79, ಆಫ್ರಿಕಾನ್ಸ್ 69, ಜೀವವಿಜ್ಞಾನ 79, ಭೂಗೋಳ 79 ಬಂದಿದೆ ಎನ್ನಿ. ಎಪಿಎಸ್ 33. ಪ್ರತಿ ವಿಷಯದಲ್ಲೂ ಒಂದೇ ಒಂದು ಅಂಕ ಜಾಸ್ತಿ ಬಂದಿದ್ದರೆ 39. ಪ್ರಿಟೋರಿಯಾದಂತೆ ದರ್ಜೆ ಕೂಡಿಸುವ ಕಡೆ ಆಕೆಗೆ ಆರು ಅಂಕದ ನಷ್ಟ. ಅದೇ ಕೇಪ್‌ಟೌನ್ ಯೂನಿವರ್ಸಿಟಿ ಶೇಕಡಾವಾರು ಅಂಕಗಳನ್ನೇ ಕೂಡಿಸಿ 600ಕ್ಕೆ ಲೆಕ್ಕ ಹಾಕುತ್ತದೆ, ಅಲ್ಲಿ ಆಕೆಯದು 444, ಒಂದೊಂದು ಅಂಕ ಹೆಚ್ಚಿದ್ದರೆ 450, ಅಷ್ಟೇ ವ್ಯತ್ಯಾಸ. ಸ್ಟೆಲೆನ್‌ಬಾಶ್ ಕೂಡ ಸರಾಸರಿ ಶೇಕಡಾವನ್ನು ನೋಡುತ್ತದೆ. ವಿಟ್ಸ್ ಇಂಗ್ಲಿಷ್ ಮತ್ತು ಗಣಿತಕ್ಕೆ ಹೆಚ್ಚುವರಿ ತೂಕ ಕೊಡುತ್ತದೆ. ಅಂಕಗಳು ಗಡಿಯ ಕೆಳಗೆ ನಿಂತವರು ಶೇಕಡಾ ನೋಡುವ ಕಡೆಗೂ, 70, 80ರ ಗಡಿಯನ್ನು ಈಗಷ್ಟೇ ದಾಟಿದವರು ದರ್ಜೆ ನೋಡುವ ಕಡೆಗೂ ಅರ್ಜಿ ಹಾಕುವುದು ಜಾಣತನ.

ಯೂನಿವರ್ಸಿಟಿಗಳು ತಾತ್ಕಾಲಿಕ ಸೀಟು ಕೊಡುವುದು ಹನ್ನೊಂದನೇ ಗ್ರೇಡಿನ ಕೊನೆಯ ಅಂಕಗಳ ಮೇಲೆ. ಊರಿನಲ್ಲಿ ಫಸ್ಟ್ ಪಿಯುಸಿಯನ್ನು ಹಗುರವಾಗಿ ಕಂಡ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ.

ಇಂಜಿನಿಯರಿಂಗ್‌ಗೆ ಮೂರು ಏಣಿ

ದೇಶದ ಅರ್ಹತಾ ಚೌಕಟ್ಟಿಗೆ ಎನ್‌ಕ್ಯೂಎಫ್ ಎನ್ನುತ್ತಾರೆ. ಅದರಲ್ಲಿ ಮೆಟ್ರಿಕ್ 4ನೇ ಹಂತ, ಡಿಪ್ಲೊಮಾ 6, ಮೂರು ವರ್ಷದ ಪದವಿ 7, ಆನರ್ಸ್ 8. ನಾಲ್ಕು ವರ್ಷದ ಬಿ.ಇಂಜಿನಿಯರಿಂಗ್ ನೇರವಾಗಿ 8ನೇ ಹಂತಕ್ಕೆ ಸೇರುತ್ತದೆ. ಅದನ್ನು ಮುಗಿಸಿದವರು ಇಂಜಿನಿಯರಿಂಗ್ ಕೌನ್ಸಿಲ್‌ನಲ್ಲಿ ವೃತ್ತಿಪರ ಇಂಜಿನಿಯರ್ ಆಗಿ ನೋಂದಣಿಯ ದಾರಿ ಹಿಡಿಯಬಹುದು. ಮೂರು ವರ್ಷದ ಬಿ.ಇಂಜಿನಿಯರಿಂಗ್ ಟೆಕ್ನಾಲಜಿ ಓದಿದವರಿಗೆ ಟೆಕ್ನಾಲಜಿಸ್ಟ್ ನೋಂದಣಿ, ಡಿಪ್ಲೊಮಾದವರಿಗೆ ಟೆಕ್ನೀಷಿಯನ್ ನೋಂದಣಿ. ಮೊದಲನೆಯದಕ್ಕೆ ವಾಷಿಂಗ್ಟನ್ ಒಪ್ಪಂದ, ಎರಡನೆಯದಕ್ಕೆ ಸಿಡ್ನಿ, ಮೂರನೆಯದಕ್ಕೆ ಡಬ್ಲಿನ್ ಒಪ್ಪಂದದ ಮಾನ್ಯತೆ. ಸದಸ್ಯ ದೇಶಗಳು ಒಬ್ಬರ ಇಂಜಿನಿಯರಿಂಗ್ ಓದನ್ನು ಇನ್ನೊಬ್ಬರು ಒಪ್ಪಿಕೊಳ್ಳುವ ಒಪ್ಪಂದಗಳಿವು. ಭಾರತ 2014ರಿಂದ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ದೇಶ. ಮುಂದೊಂದು ದಿನ ಬೆಂಗಳೂರಿಗೆ ಮರಳಬಹುದು ಎಂಬ ಮನೆಗಳು ಈ ಮಾತನ್ನು ನೆನಪಿನಲ್ಲಿ ಇಡಬೇಕು.

ಒಂದೇ ಯೂನಿವರ್ಸಿಟಿಯಲ್ಲಿ ಎರಡು ಏಣಿಗಳೂ ಇರಬಹುದು. ಜೊಹಾನೆಸ್‌ಬರ್ಗ್ ಯೂನಿವರ್ಸಿಟಿಯಲ್ಲಿ ಬಿ.ಇಂಜಿನಿಯರಿಂಗ್ ಆಕ್ಲೆಂಡ್ ಪಾರ್ಕ್ ಕ್ಯಾಂಪಸ್ಸಿನಲ್ಲಿ, ಟೆಕ್ನಾಲಜಿ ಪದವಿ ಡೂರ್ನ್‌ಫಾಂಟೈನ್‌ನಲ್ಲಿ. ಅರ್ಜಿಯಲ್ಲಿ ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ತಪ್ಪು ಸಾಲಿಗೆ ಟಿಕ್ ಹಾಕಿದರೆ ಮೂರು ವರ್ಷ ಕಳೆದ ಮೇಲೆ ಗೊತ್ತಾಗುವ ತಪ್ಪದು.

ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ಹಲವು ಡಿಪ್ಲೊಮಾಗಳಲ್ಲಿ ಕೆಲಸದ ತರಬೇತಿ ಕೋರ್ಸಿನ ಭಾಗ. ಆರು ತಿಂಗಳೋ ಒಂದು ವರ್ಷವೋ ಕಂಪನಿಯಲ್ಲಿ ದುಡಿದು ಲಾಗ್‌ಬುಕ್ ತುಂಬಿಸಿ ಕೊಡಬೇಕು. ಥಿಯರಿ ಎಲ್ಲ ಮುಗಿಸಿ ಈ ಒಂದು ಭಾಗಕ್ಕೆ ಜಾಗ ಸಿಗದೆ ಡಿಪ್ಲೊಮಾ ಇಲ್ಲದೆ ಕೂತವರು ಬಹಳ. ಹಾಗಾಗಿ ಡಿಪಾರ್ಟ್‌ಮೆಂಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಫೀಸಿನದಲ್ಲ. ಹೋದ ವರ್ಷ ನಿಮ್ಮ ಎಷ್ಟು ವಿದ್ಯಾರ್ಥಿಗಳಿಗೆ ಜಾಗ ಸಿಕ್ಕಿತು, ಯಾವ ಕಂಪನಿಗಳಲ್ಲಿ, ಜಾಗವನ್ನು ನೀವು ಕೊಡಿಸುತ್ತೀರೋ ನಾವು ಹುಡುಕಬೇಕೋ ಎಂದು ಕೇಳಿ. ಉತ್ತರದಲ್ಲಿ ಕಂಪನಿಗಳ ಹೆಸರು ಬಂದರೆ ನಂಬಿ. 'ನಾವು ಸಹಾಯ ಮಾಡುತ್ತೇವೆ' ಎಂದಷ್ಟೇ ಬಂದರೆ ಹುಡುಕುವವರು ನೀವೇ ಎಂದು ಅರ್ಥ.

ಟಿವೆಟ್‌ನ ಒಳಗೆ

ಟಿವೆಟ್ ಎನ್ನುವುದು ಒಂದು ಕೋರ್ಸಲ್ಲ, ಮೂರು ಬೇರೆ ಬೇರೆ ವ್ಯವಸ್ಥೆಗಳು ಒಂದೇ ಸೂರಿನಡಿ ಇವೆ. ಇದನ್ನು ಬಿಡಿಸಿಕೊಳ್ಳದೆ ಸೇರಿದವರಿಗೇ ಹೆಚ್ಚು ಪೆಟ್ಟು.

ಎನ್‌ಸಿವಿ (ರಾಷ್ಟ್ರೀಯ ವೃತ್ತಿ ಸರ್ಟಿಫಿಕೇಟು): ಒಂಬತ್ತನೇ ಗ್ರೇಡ್ ಮುಗಿಸಿದವರಿಗೆ, ಹಂತ 2, 3, 4 ಎಂದು ಮೂರು ವರ್ಷ. ಪ್ರತಿ ವರ್ಷ ಏಳು ವಿಷಯ, ಮೂರು ಸಾಮಾನ್ಯ, ನಾಲ್ಕು ವೃತ್ತಿ ವಿಷಯ. ವೃತ್ತಿ ವಿಷಯದಲ್ಲಿ ಪಾಸಾಗಲು ಶೇ. 50 ಬೇಕು. ಮುಗಿಸಿದಾಗ ಸಿಗುವುದು ಮೆಟ್ರಿಕ್‌ಗೆ ಸಮಾನವಾದ 4ನೇ ಹಂತ. ಮೆಟ್ರಿಕ್ ಈಗಾಗಲೇ ಆಗಿರುವ ಮಗು ಇದಕ್ಕೆ ಸೇರಿದರೆ ಮೂರು ವರ್ಷ ಓದಿ ನಿಂತಲ್ಲೇ ನಿಂತಂತೆ. ಕೌಂಟರಿನಲ್ಲಿ ಜಾಗ ಖಾಲಿ ಇದೆ ಎಂದು ಇದಕ್ಕೆ ಹೆಸರು ಬರೆಸಿ ಬರುವವರಿದ್ದಾರೆ, ಹಾಗೆ ಮಾಡಬೇಡಿ.

ನೇಟೆಡ್: ಎನ್1ರಿಂದ ಎನ್6ರವರೆಗೆ ಆರು ಹಂತಗಳ ವೃತ್ತಿ ಕೋರ್ಸುಗಳು. ಇಂಜಿನಿಯರಿಂಗ್ ವಿಷಯಗಳು ವರ್ಷಕ್ಕೆ ಮೂರು ಅವಧಿಯಾಗಿ, ವಾಣಿಜ್ಯ ಮತ್ತು ಹೋಟೆಲ್ ಮೊದಲಾದ ವಿಷಯಗಳು ಆರು ತಿಂಗಳ ಸೆಮಿಸ್ಟರ್‌ಗಳಾಗಿ ನಡೆಯುತ್ತವೆ. ಮೆಟ್ರಿಕ್ ಆದವರು ಸಾಮಾನ್ಯವಾಗಿ ಎನ್4ಕ್ಕೆ ಸೇರುತ್ತಾರೆ, ಇಂಜಿನಿಯರಿಂಗ್‌ಗಾದರೆ ಗಣಿತ, ಭೌತವಿಜ್ಞಾನ ಇರಬೇಕು. ಒಂದೂವರೆ ವರ್ಷದಲ್ಲಿ ಅಕೌಂಟಿಂಗ್ ಎನ್6 ಮುಗಿಯಬಹುದು. ಆದರೆ ಎನ್6 ಸರ್ಟಿಫಿಕೇಟು ಬೇರೆ, ಎನ್ ಡಿಪ್ಲೊಮಾ ಬೇರೆ. ಡಿಪ್ಲೊಮಾ ಬೇಕಾದರೆ ವಾಣಿಜ್ಯ ವಿಷಯಗಳಿಗೆ 18 ತಿಂಗಳು, ಇಂಜಿನಿಯರಿಂಗ್‌ಗೆ 24 ತಿಂಗಳು ಓದಿದ ವಿಷಯಕ್ಕೆ ಸಂಬಂಧಪಟ್ಟ ಕೆಲಸ ಮಾಡಿದ ದಾಖಲೆ ಕೊಡಬೇಕು. ಅಂಗಡಿಯಲ್ಲಿ ಬಿಲ್ ಹಾಕಿದ್ದು ಎಲೆಕ್ಟ್ರಿಕಲ್ ಎನ್6ಕ್ಕೆ ನಡೆಯದು. ಇನ್ನೊಂದು ದೋಷ, ನೇಟೆಡ್ ಇಂಜಿನಿಯರಿಂಗ್ ಬಹುಪಾಲು ಪುಸ್ತಕದ ಓದು. ಎನ್6 ಮುಗಿಸಿದವನು ಲೇತ್ ಮುಟ್ಟಿಯೇ ಇಲ್ಲದಿರಬಹುದು. ನಮ್ಮ ಐಟಿಐ ಹುಡುಗ ಮೊದಲ ತಿಂಗಳಲ್ಲೇ ಫೈಲ್ ಹಿಡಿದು ಕಬ್ಬಿಣ ಉಜ್ಜುತ್ತಾನೆ, ಆ ಅರ್ಥದಲ್ಲಿ ನೇಟೆಡ್ ಅನ್ನು ಐಟಿಐ ಎನ್ನುವುದೇ ತಪ್ಪು. ಎನ್1ರಿಂದ ಎನ್3ರವರೆಗಿನ ಹಂತಗಳನ್ನು ಸರ್ಕಾರ ಹಿಂತೆಗೆಯುತ್ತಾ ಅವುಗಳ ಜಾಗಕ್ಕೆ ಉದ್ಯೋಗ ಸರ್ಟಿಫಿಕೇಟುಗಳನ್ನು ತರುತ್ತಿದೆ. ಹೊಸದಾಗಿ ಸೇರುವವರು ಈ ವರ್ಷ ಯಾವ ಹಂತಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತೀರಿ ಎಂದು ಮೊದಲು ಕೇಳಬೇಕು.

ಮೂರನೆಯದು ಈ ಉದ್ಯೋಗ ಸರ್ಟಿಫಿಕೇಟುಗಳು, ಕ್ಯೂಸಿಟಿಒ ಎಂಬ ಮಂಡಳಿಯವು. ಥಿಯರಿ, ವರ್ಕ್‌ಶಾಪ್, ಕೆಲಸದ ಜಾಗ ಮೂರನ್ನೂ ಒಟ್ಟಿಗೆ ಕಟ್ಟಿಕೊಟ್ಟಿರುವುದರಿಂದ ಟಿವೆಟ್‌ಗೆ ಹೋಗುವುದೇ ಆದರೆ ಇದಕ್ಕೆ ಹೋಗಿ ಎನ್ನುವುದು ನಮ್ಮ ಅಭಿಪ್ರಾಯ. ಇದರ ಅತ್ಯುತ್ತಮ ರೂಪ ಸೆಂಟರ್ಸ್ ಆಫ್ ಸ್ಪೆಷಲೈಸೇಶನ್ ಎಂಬ ಕೇಂದ್ರಗಳು, ಶುರುವಿನಲ್ಲಿ ಇವು 26 ಇದ್ದವು. ಎಲೆಕ್ಟ್ರಿಷಿಯನ್, ಪ್ಲಂಬರ್, ಬಾಯ್ಲರ್‌ಮೇಕರ್, ಮಿಲ್‌ರೈಟ್, ಡೀಸೆಲ್ ಮೆಕ್ಯಾನಿಕ್, ವೆಲ್ಡರ್ ಮೊದಲಾದ 13 ಕಸುಬುಗಳಿಗೆ ಇವನ್ನು ಆರಿಸಲಾಗಿದೆ. ಇಲ್ಲಿ ಕ್ರಮವೇ ತಿರುವುಮುರುವು: ಮೊದಲು ಕಂಪನಿಯೊಂದಿಗೆ ಅಪ್ರೆಂಟಿಸ್ ಒಪ್ಪಂದ, ಆಮೇಲೆ ಕ್ಲಾಸು. ಜಾಗ ಹುಡುಕುವ ತಲೆನೋವು ಬಾಗಿಲಲ್ಲೇ ತೀರಿಹೋಗುತ್ತದೆ.

ಅಪ್ರೆಂಟಿಸ್‌ಗಿರಿಯ ಕೊನೆಗೆ ಟ್ರೇಡ್ ಟೆಸ್ಟ್. ಪಾಸಾದರೆ ರೆಡ್ ಸೀಲ್ ಎಂಬ ಮಾನ್ಯತೆಯ ಸರ್ಟಿಫಿಕೇಟು ಇರುವ ಕಸುಬುದಾರ. ಎಕುರ್ಹುಲೆನಿಯ ಒಲಿಫಾಂಟ್ಸ್‌ಫಾಂಟೈನ್‌ನಲ್ಲಿರುವ ಇಂಡ್ಲೆಲಾ ಸರ್ಕಾರದ ಪರೀಕ್ಷಾ ಕೇಂದ್ರ, ಅದಲ್ಲದೆ ಮಾನ್ಯತೆ ಪಡೆದ ಖಾಸಗಿ ಕೇಂದ್ರಗಳೂ ಇವೆ. ಕಾಗದವಿಲ್ಲದೆ ವರ್ಷಗಟ್ಟಲೆ ಕೆಲಸ ಮಾಡಿದವರು ಎಆರ್‌ಪಿಎಲ್ ಎಂಬ ದಾರಿಯಿಂದ ಅನುಭವದ ಲೆಕ್ಕದಲ್ಲಿ ಟೆಸ್ಟಿಗೆ ಕೂರಬಹುದು. ಅಪ್ರೆಂಟಿಸ್ ಒಪ್ಪಂದ ಆಯಾ ಉದ್ಯಮದ ಸೇಟಾ ಎಂಬ ತರಬೇತಿ ಮಂಡಳಿಯಲ್ಲಿ ನೋಂದಣಿಯಾಗಿರಬೇಕು, ಉದಾಹರಣೆಗೆ ತಯಾರಿಕೆಗೆ ಮರ್‌ಸೇಟಾ. ನೋಂದಣಿಯಾಗದ ಒಪ್ಪಂದದಲ್ಲಿ ಕಳೆದ ದಿನಗಳು ಟೆಸ್ಟಿನ ಅರ್ಜಿ ಹಾಕುವಾಗ ಲೆಕ್ಕಕ್ಕೆ ಬಾರದೆ ಹೋಗಬಹುದು. ಮೊದಲ ತಿಂಗಳಲ್ಲೇ ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಕಾಲೇಜಿನಿಂದ ಸರ್ಟಿಫಿಕೇಟು ಕೈಗೆ ಬರಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿದ ಉದಾಹರಣೆಗಳು ಟಿವೆಟ್‌ನಲ್ಲಿ ಹೊಸತೇನಲ್ಲ. ಪ್ರತಿ ಹಂತದ ಫಲಿತಾಂಶದ ಹಾಳೆಯನ್ನು ಆಗಾಗಲೇ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ, ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮವರ ಇನಿಶಿಯಲ್, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಅಡ್ಡಾದಿಡ್ಡಿ ಸೇರಿಕೊಂಡು ಮೆಟ್ರಿಕ್‌ನಲ್ಲಿ ಒಂದು, ಎನ್6ನಲ್ಲಿ ಇನ್ನೊಂದು ಆದರೆ ಡಿಪ್ಲೊಮಾ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹಣ ಮತ್ತು ವೀಸಾ

ಎನ್‌ಎಸ್‌ಎಫ್‌ಎಎಸ್ ಎಂಬ ಸರ್ಕಾರಿ ವಿದ್ಯಾರ್ಥಿವೇತನ ಸರ್ಕಾರಿ ಯೂನಿವರ್ಸಿಟಿಗೂ ಟಿವೆಟ್‌ಗೂ ಇದೆ. ಮನೆಯ ವಾರ್ಷಿಕ ಆದಾಯ 3,50,000 ರ್‍ಯಾಂಡ್ ಒಳಗಿರಬೇಕು, ಅಂಗವೈಕಲ್ಯ ಇರುವವರಿಗೆ ಮಿತಿ 6,00,000. ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ತಾತ್ಕಾಲಿಕ ವೀಸಾದಲ್ಲಿ ಇರುವ ಕುಟುಂಬಗಳಿಗೆ ಇದು ಇಲ್ಲ. ಆದಾಯದ ಮಿತಿ ಸ್ವಲ್ಪ ದಾಟಿದ, ಆದರೆ ಕೈಯಿಂದ ಫೀಸು ಕಟ್ಟಲಾಗದ ಮನೆಗಳನ್ನು ಇಲ್ಲಿ 'ಮಿಸ್ಸಿಂಗ್ ಮಿಡಲ್' ಎನ್ನುತ್ತಾರೆ. ಅವರಿಗೆ ಟಿವೆಟ್‌ನ ಫೀಸು ನಿಜಕ್ಕೂ ಹಗುರ, ಕೋರ್ಸಿನ ಖರ್ಚಿನ ಬಹುಭಾಗವನ್ನು ಸರ್ಕಾರವೇ ಭರಿಸುತ್ತದೆ.

ಕಾಯಂ ನಿವಾಸಿಯಾಗಿದ್ದರೆ ಯೂನಿವರ್ಸಿಟಿಯ ಫೀಸು ಸ್ಥಳೀಯರಷ್ಟೇ. ವೀಸಾದವರಾದರೆ ವಿದೇಶಿ ವಿದ್ಯಾರ್ಥಿಯ ದರ. ಅದರಲ್ಲೂ ದಕ್ಷಿಣ ಆಫ್ರಿಕಾದ ನೆರೆದೇಶಗಳ ಕೂಟವಾದ ಸ್ಯಾಡೆಕ್‌ನವರಿಗೆ ರಿಯಾಯಿತಿ ಇದೆ, ಭಾರತೀಯರಿಗೆ ಇಲ್ಲ. ಸಾಲದ್ದಕ್ಕೆ ಫೀಸಿನ ದೊಡ್ಡ ಭಾಗವನ್ನು ನೋಂದಣಿಗೆ ಮುಂಚೆಯೇ ಕಟ್ಟಿಸಿಕೊಳ್ಳುತ್ತಾರೆ. ಮಗು ಹತ್ತನೇ ಗ್ರೇಡಿನಲ್ಲಿ ಇರುವಾಗಲೇ ಕಾಯಂ ನಿವಾಸದ ಅರ್ಜಿ ಎಲ್ಲಿಗೆ ಬಂದಿದೆ ಎಂದು ನೋಡಿಕೊಳ್ಳುವುದು ಇದಕ್ಕಾಗಿ.

ಸ್ಟಡಿ ವೀಸಾಕ್ಕೆ ಇಲ್ಲಿ ನೋಂದಣಿಯಾದ ಮೆಡಿಕಲ್ ಸ್ಕೀಮ್‌ನ ಸದಸ್ಯತ್ವ ಬೇಕು. ಭಾರತದ ಟ್ರಾವೆಲ್ ಇನ್ಶೂರೆನ್ಸ್ ನಡೆಯುವುದಿಲ್ಲ. ಹದಿನೆಂಟು ವರ್ಷ ತುಂಬಿದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಇದ್ದ ಪ್ರತಿ ದೇಶದಿಂದ ಪೊಲೀಸ್ ಪ್ರಮಾಣಪತ್ರ ತರಬೇಕು. ವೀಸಾದ ಮೇಲೆ ಸಂಸ್ಥೆಯ ಹೆಸರೇ ಇರುವುದರಿಂದ ಕಾಲೇಜು ಬದಲಿಸಿದರೆ ವೀಸಾ ಕೆಲಸವೂ ಹೊಸದಾಗಿ ಆಗಬೇಕು. ನವೀಕರಣದ ಅರ್ಜಿ ಅವಧಿ ಮುಗಿಯುವ 60 ದಿನ ಮೊದಲೇ ಹೋಗಿರಬೇಕು. ಉನ್ನತ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿ ವಾರಕ್ಕೆ 20 ಗಂಟೆವರೆಗೆ ಅರೆಕಾಲಿಕ ಕೆಲಸ ಮಾಡಬಹುದು. ಆದರೆ ಅಪ್ರೆಂಟಿಸ್ ಒಪ್ಪಂದವೆಂದರೆ ಪೂರ್ಣಾವಧಿಯ ಉದ್ಯೋಗ ಒಪ್ಪಂದ, ಎಸ್ಕಾಮ್, ಟ್ರಾನ್ಸ್‌ನೆಟ್‌ನಂಥ ದೊಡ್ಡ ಸಂಸ್ಥೆಗಳ ಜಾಹೀರಾತುಗಳು ಬಹುಪಾಲು ದೇಶದ ಪ್ರಜೆಗಳನ್ನೇ ಕರೆಯುತ್ತವೆ. ಹಾಗಾಗಿ ಮೇಲೆ ಹೊಗಳಿದ ಕಸುಬಿನ ದಾರಿ ಕಾಯಂ ನಿವಾಸ ಇಲ್ಲದ ಮಗುವಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಅಂಥವರಿಗೆ ಕೆಲಸದ ಭಾಗವಿಲ್ಲದೆಯೇ ಪೂರ್ತಿಯಾಗುವ ಮೂರು ವರ್ಷದ ಪದವಿ ವಾಸಿ.

ಕರ್ನಾಟಕದಲ್ಲಿ ಪಿಯುಸಿ ಅಥವಾ ಸಿಬಿಎಸ್‌ಇ ಮುಗಿಸಿ ಇಲ್ಲಿ ಪದವಿಗೆ ಸೇರುವವರಿಗೆ ಯೂನಿವರ್ಸಿಟಿಗಳ ಒಕ್ಕೂಟವಾದ ಯೂನಿವರ್ಸಿಟೀಸ್ ಸೌತ್ ಆಫ್ರಿಕಾದಿಂದ ಮೆಟ್ರಿಕ್ ವಿನಾಯಿತಿ ಪ್ರಮಾಣಪತ್ರ ಬೇಕು. ಬೇರೆ ಕೋರ್ಸುಗಳಿಗೆ ಸಾಕ್ವಾ ಎಂಬ ಅರ್ಹತಾ ಪ್ರಾಧಿಕಾರದ ಮೌಲ್ಯಮಾಪನ ಕೇಳುತ್ತಾರೆ. ಎರಡಕ್ಕೂ ವಾರಗಳು ಹಿಡಿಯುತ್ತವೆ. ಇನ್ನು ಇಲ್ಲಿ ಓದಿ ಭಾರತಕ್ಕೆ ಹೋಗಿ ಎಂ.ಎಸ್ಸಿ, ಎಂ.ಟೆಕ್ ಮಾಡುವವರು ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆಯ ಪತ್ರ ಪಡೆಯಬೇಕಾಗುತ್ತದೆ. ಎನ್6 ಅಲ್ಲಿ ಪದವಿಯ ಲೆಕ್ಕಕ್ಕೆ ಬರುವುದಿಲ್ಲ.

ಖಾಸಗಿ ಕಾಲೇಜಿನ ಗೋಡೆಯ ಮೇಲಿನ ಸರ್ಟಿಫಿಕೇಟು

ಖಾಸಗಿಯಲ್ಲಿ ಒಳ್ಳೆಯವೂ ಇವೆ, ಬರೀ ಬೋರ್ಡುಗಳೂ ಇವೆ. ಕಂಪನಿ ರಿಜಿಸ್ಟ್ರಾರ್ ಕೊಟ್ಟ ನೋಂದಣಿ ಸಂಖ್ಯೆಯನ್ನು ಗೋಡೆಗೆ ತೂಗುಹಾಕಿ 'ರಿಜಿಸ್ಟರ್ಡ್' ಎನ್ನುವುದು ಹಳೆಯ ತಂತ್ರ, ಚಪ್ಪಲಿ ಅಂಗಡಿಗೂ ಆ ಸಂಖ್ಯೆ ಸಿಗುತ್ತದೆ. ನೋಡಬೇಕಾದ್ದು ಮೂರು. ಉನ್ನತ ಶಿಕ್ಷಣ ಇಲಾಖೆಯ ಖಾಸಗಿ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರು, ನೀವು ಸೇರುವ ಕೋರ್ಸಿಗೆ ಸಾಕ್ವಾದ ಗುರುತು ಸಂಖ್ಯೆ, ಆ ಕೋರ್ಸು ಅದೇ ಕ್ಯಾಂಪಸ್ಸಿಗೆ ಮಾನ್ಯವೇ ಎಂಬುದು. ಮೂರನೆಯದನ್ನು ಯಾರೂ ನೋಡುವುದಿಲ್ಲ. ಸ್ಯಾಂಡ್‌ಟನ್ ಶಾಖೆಗೆ ಸಿಕ್ಕ ಮಾನ್ಯತೆ ಡರ್ಬನ್ ಶಾಖೆಗೆ ತಾನಾಗಿ ಬರುವುದಿಲ್ಲ.

ತಾರೀಖುಗಳು

ಓದಿನ ವರ್ಷ ಫೆಬ್ರವರಿಯಲ್ಲಿ ಶುರು, ಅರ್ಜಿಗಳು ಹಿಂದಿನ ವರ್ಷವೇ. ಕೇಪ್‌ಟೌನ್ ಸಾಮಾನ್ಯವಾಗಿ ಜುಲೈ ಕೊನೆಗೆ ಮುಚ್ಚುತ್ತದೆ, ಅಲ್ಲಿ ಎನ್‌ಬಿಟಿ ಎಂಬ ರಾಷ್ಟ್ರೀಯ ಮಟ್ಟದ ಪರೀಕ್ಷೆಯನ್ನೂ ಕೇಳುತ್ತಾರೆ. ವಿಟ್ಸ್‌ನ ಹೆಚ್ಚಿನ ಕೋರ್ಸುಗಳು ಸೆಪ್ಟೆಂಬರ್ ಕೊನೆಗೆ, ವೈದ್ಯಕೀಯ ವಿಭಾಗ ಜೂನ್ ಕೊನೆಗೆ. ಕ್ವಾಜುಲು-ನಟಾಲ್ ಪ್ರಾಂತ್ಯದ ಯೂನಿವರ್ಸಿಟಿಗಳಿಗೆ ಡರ್ಬನ್‌ನ ಸಿಎಒ ಎಂಬ ಕೇಂದ್ರ ಅರ್ಜಿ ಕಚೇರಿಯ ಮೂಲಕ ಒಂದೇ ಅರ್ಜಿ, ಅದರಲ್ಲಿ ಆಯ್ಕೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಮೇಲಿನ ಸಾಲುಗಳಲ್ಲಿ ಬರೆದವರಿಗೆ ಸೀಟು ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಕನಸಿನ ಕೋರ್ಸನ್ನು ಒಂದನೇ ಸಾಲಿಗೂ ಖಚಿತ ಸಿಗುವುದನ್ನು ಆರನೇ ಸಾಲಿಗೂ ಹಾಕಿದರೆ ಎರಡೂ ಕೈತಪ್ಪಬಹುದು, ಖಚಿತವಾದದ್ದು ಎರಡರಲ್ಲೋ ಮೂರರಲ್ಲೋ ಇರಲಿ.

ಫಲಿತಾಂಶ ಬಂದ ಜನವರಿಯಲ್ಲಿ ಯೂನಿವರ್ಸಿಟಿ ಗೇಟಿಗೆ ಹೋಗಿ ನಿಲ್ಲುವುದು ಈಗ ವ್ಯರ್ಥ. 2012ರ ಜನವರಿಯಲ್ಲಿ ಜೊಹಾನೆಸ್‌ಬರ್ಗ್ ಯೂನಿವರ್ಸಿಟಿಯ ಗೇಟಿನಲ್ಲಿ ನೂಕುನುಗ್ಗಲಾಗಿ ಮಗನ ಸೀಟಿಗೆಂದು ಬಂದಿದ್ದ ತಾಯಿಯೊಬ್ಬರು ಸತ್ತ ಮೇಲೆ ಅಲ್ಲಿ ನೇರ ಅರ್ಜಿ ನಿಂತಿತು, ಉಳಿದೆಡೆಯೂ ಎಲ್ಲ ಆನ್‌ಲೈನ್‌ಗೆ ಹೋಯಿತು. ಸೀಟು ಸಿಗದವರು ಇಲಾಖೆಯ ಸಿಎಸಿಎಚ್ ಎಂಬ ಕೇಂದ್ರ ವ್ಯವಸ್ಥೆಯಲ್ಲಿ ಹೆಸರು ಬರೆಸಿದರೆ ಖಾಲಿ ಇರುವ ಸಂಸ್ಥೆಗಳೇ ಸಂಪರ್ಕಿಸುತ್ತವೆ. ಜನವರಿ ತಪ್ಪಿದರೆ ಟಿವೆಟ್‌ನ ಇಂಜಿನಿಯರಿಂಗ್ ವಿಭಾಗಕ್ಕೆ ಮೇ ಸುಮಾರಿಗೆ ಮತ್ತೊಂದು ಅವಧಿ ಇದೆ, ವಾಣಿಜ್ಯದವರು ಜುಲೈವರೆಗೆ ಕಾಯಬೇಕು.